ಬೋರಮ್ಮ ವಕೀಲರನ್ನು ಗೊತ್ತು ಮಾಡಿದ ಬಗೆ

ತನಗೆ ಕಾನೂನು ಗೊತ್ತು ಎಂಬ ನಂಬಿಕೆ ಸಿದ್ದರಾಜುವಿಗೆ ಹುಟ್ಟಿದ್ದು ಟೈಪ್‌ರೈಟರಿನಿಂದ. ಮಿಲ್ಲಿನ ಆಫೀಸಿನಲ್ಲಿ ತಿಂಗಳಿಗೆ ಎಪ್ಪತ್ತೆರಡು ರೂಪಾಯಿ ಸಂಬಳಕ್ಕೆ ಅವನು ಬಡಿಯುತ್ತಿದ್ದ ಕಾಗದಗಳಲ್ಲಿ ವಾರಕ್ಕೆ ಒಂದಾದರೂ, ಹೇಳಿದಂತೆ ನಡೆಯದಿದ್ದರೆ ಕೋರ್ಟಿಗೆ ಹೋಗಬೇಕಾದೀತು ಎಂಬ ಇಂಗ್ಲಿಷ್ ಸಾಲಿನಿಂದ ಮುಗಿಯುತ್ತಿತ್ತು. ಆ ಸಾಲನ್ನು ಅವನು ಕಣ್ಣು ಮುಚ್ಚಿಕೊಂಡು ಹೊಡೆಯಬಲ್ಲವನಾಗಿದ್ದ. ಅಷ್ಟು ಬಂದವನಿಗೆ ಮಿಕ್ಕ ಕಾನೂನು ಬರುವುದೇನು ಮಹಾ ಎಂದುಕೊಂಡಿದ್ದ. ವಯಸ್ಸು ಇಪ್ಪತ್ತಮೂರು, ಆ ವಯಸ್ಸಿನಲ್ಲಿ ಹಾಗೆ ಅಂದುಕೊಳ್ಳದವರು ಕಡಿಮೆ.

ಅವನು ಇದ್ದದ್ದು ಕುಂಬಾರಕೊಪ್ಪಲಿನಲ್ಲಿ, ಸೋದರತ್ತೆ ಬೋರಮ್ಮನ ಮನೆಯಲ್ಲಿ. ಹತ್ತು ವರ್ಷದ ಹುಡುಗನಾಗಿದ್ದಾಗ ಓದಲಿ ಎಂದು ಅಪ್ಪ ತಂದು ತನ್ನ ಅಕ್ಕನ ಮನೆಯಲ್ಲಿ ಬಿಟ್ಟು ಹೋದವನು, ಎಸ್ಸೆಸ್ಸೆಲ್ಸಿ ಮುಗಿಸಿ, ಟೈಪಿಂಗ್ ಪಾಸು ಮಾಡಿ, ಕೆಲಸಕ್ಕೂ ಸೇರಿ, ಅಲ್ಲಿಯೇ ಉಳಿದುಬಿಟ್ಟಿದ್ದ. ಬೋರಮ್ಮನಿಗೆ ಮಕ್ಕಳಿರಲಿಲ್ಲ. ತೀರಿಹೋದ ಗಂಡ ಬಿಟ್ಟು ಹೋದದ್ದು ಎರಡಂಕಣದ ಮನೆ, ಮನೆಯ ಹಿಂದೆ ಒಂದು ಹಿತ್ತಲು, ಹಿತ್ತಲಿನಲ್ಲಿ ತೊಂಬತ್ತು ಮಲ್ಲಿಗೆ ಗಿಡ. ಆ ಗಿಡಗಳ ಮೊಗ್ಗನ್ನು ಮಧ್ಯಾಹ್ನ ಬಿಡಿಸಿ, ಕಟ್ಟಿ, ಸಂಜೆ ಹೊತ್ತಿಗೆ ಒಂಟಿಕೊಪ್ಪಲಿನ ಇಪ್ಪತ್ತೆರಡು ಮನೆಗಳಿಗೆ ಹಾಕಿ ಬರುವುದು ಅವಳ ಬದುಕು. ಬಿಡಿ ವ್ಯಾಪಾರವಲ್ಲ, ವರ್ತನೆ ಹೂವು. ಅಂದರೆ ದಿನಕ್ಕೆ ಇಷ್ಟು ಮೊಳ ಎಂದು ಗೊತ್ತು ಮಾಡಿಕೊಂಡ ಮನೆಗೆ ದಿನವೂ ತಪ್ಪದೆ ಕೊಡುವುದು, ತಿಂಗಳಿಗೊಮ್ಮೆ ದುಡ್ಡು ತರುವುದು. ವರಮಹಾಲಕ್ಷ್ಮಿ ಹಬ್ಬದ ದಿನ ಮಾರ್ಕೆಟ್ಟಿನಲ್ಲಿ ಮೊಳಕ್ಕೆ ನಾಲ್ಕು ಪಟ್ಟು ಬೆಲೆ ಏರಿದರೂ ವರ್ತನೆ ಮನೆಗೆ ಅದೇ ಬೆಲೆ. ಹೂವು ಹಾಕದ ದಿನಕ್ಕೆ ದುಡ್ಡಿಲ್ಲ. ಇಪ್ಪತ್ತು ವರ್ಷದಲ್ಲಿ ಈ ವಿಷಯಕ್ಕೆ ಒಂದು ಮನೆಯಲ್ಲೂ ಜಗಳವಾಗಿರಲಿಲ್ಲ.

ಜಗಳ ಬಂದದ್ದು ಬಾವಿಯಿಂದ. ಹಿಂದೆ ಒಬ್ಬನದೇ ಆಗಿದ್ದ ಆ ಜಾಗದ ಪೂರ್ವದ ಅರ್ಧವನ್ನು ಬೋರಮ್ಮನ ಗಂಡ ಕೊಂಡಿದ್ದ. ಬಾವಿ ಇದ್ದದ್ದು ಪಶ್ಚಿಮದ ಅರ್ಧದಲ್ಲಿ, ಗಡಿಯಿಂದ ಮೂರು ಹೆಜ್ಜೆ ಆಚೆ. ನೀರು ಇಬ್ಬರಿಗೂ ಸೇರಿದ್ದು ಎಂದು ಕ್ರಯಪತ್ರದಲ್ಲಿ ಬರೆದಿತ್ತು. ಬರೆಯದಿದ್ದರೂ ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಸಾವಿರದ ಒಂಬೈನೂರ ಐವತ್ತೈದರ ಕೊನೆಯಲ್ಲಿ ಆ ಪಶ್ಚಿಮದ ಅರ್ಧವನ್ನು ಸೌದೆ ಡಿಪೋ ಪ್ರಭುಸ್ವಾಮಿ ಕೊಂಡರು. ವಠಾರ ಕಟ್ಟಿಸಿ ಬಾಡಿಗೆಗೆ ಬಿಡುವ ಯೋಚನೆ ಅವರದು. ಐವತ್ತಾರರ ಫೆಬ್ರವರಿಯಲ್ಲಿ ಗಡಿಯುದ್ದಕ್ಕೂ ಕಲ್ಲುಕಂಬ ನೆಡಲು ಶುರು ಮಾಡಿದರು.

“ಬೋರಮ್ಮ, ಬ್ಯಾಸಿಗೆಗೆ ಬ್ಯಾರೆ ನೀರು ನೋಡ್ಕೊ,” ಎಂದರು ಒಂದು ಬೆಳಿಗ್ಗೆ, ಸಮಾಧಾನವಾಗಿಯೇ. “ನನ್ ಜಾಗದ ಬಾವಿ. ನಾಳೆ ಹತ್ತು ಸಂಸಾರ ಬರ್ತವೆ.”

“ಪತ್ರದಲ್ಲಿ ಬರ್ದೈತಲ್ಲಪ್ಪ.”

“ಪತ್ರದಲ್ಲಿ ಬರ್ದಿದ್ರೆ ಕೋರ್ಟ್ಗೆ ಹೋಗು.”

ಮಲ್ಲಿಗೆಗೆ ಶಿವರಾತ್ರಿಯಿಂದ ಆಚೆಗೆ ನೀರು ತಪ್ಪುವಂತಿಲ್ಲ. ಮಾರ್ಚಿಯಿಂದ ಮೂರು ತಿಂಗಳು ಗಿಡ ಮೊಗ್ಗು ಕೊಟ್ಟರೆ ವರ್ಷದ ಬದುಕು. ಒಣಗಿದರೆ ತೊಂಬತ್ತು ಗಿಡವೂ ಸೌದೆ, ಅದೂ ಪ್ರಭುಸ್ವಾಮಿ ಡಿಪೋದಲ್ಲಿ ತೆಗೆದುಕೊಳ್ಳದಷ್ಟು ಸಣ್ಣ ಸೌದೆ. ಕೋರ್ಟು ಎಂಬ ಮಾತು ಕಿವಿಗೆ ಬೀಳುತ್ತಿದ್ದ ಹಾಗೆ ಸಿದ್ದರಾಜು ಎದೆ ಸೆಟೆಸಿ ನಿಂತ.

“ಅತ್ತೆ, ಇದು ನಂಗೆ ಬುಡು. ವಕೀಲರನ್ನ ಗೊತ್ತು ಮಾಡೋದು ಆಫೀಸ್ನಲ್ಲಿರೋರ ಕೆಲಸ.”

“ಎಷ್ಟಾಯ್ತದ್ಲಾ?”

“ಅದೆಲ್ಲ ನಾನ್ ನೋಡ್ಕೋತೀನಿ.”

ನೋಡಿಕೊಳ್ಳಲು ಅವನ ಬಳಿ ಐವತ್ತನಾಲ್ಕು ರೂಪಾಯಿ ಇತ್ತು. ಒಂದೂವರೆ ವರ್ಷದಿಂದ ಕಾಫಿ ಬಿಟ್ಟು, ಸಿನಿಮಾ ಅರ್ಧ ಬಿಟ್ಟು, ಸೆಕೆಂಡ್ ಹ್ಯಾಂಡ್ ಸೈಕಲ್ಲಿಗೆ ಕೂಡಿಟ್ಟ ದುಡ್ಡು.

ಯಾವ ವಕೀಲರು ಎಂದು ಹೇಳಿದವರು ಹೆಡ್ ಕ್ಲಾರ್ಕ್ ಮಹದೇವಯ್ಯನವರು. ಅವರು ತಮ್ಮ ಜೀವಮಾನದಲ್ಲಿ ಕೋರ್ಟಿನ ಮೆಟ್ಟಿಲು ಹತ್ತಿದವರಲ್ಲ. ಅದರಿಂದಲೇ ಅವರ ಸಲಹೆಗೆ ಒಂದು ನಿಷ್ಪಕ್ಷಪಾತ ಇತ್ತು.

“ಸದಾಶಿವಯ್ಯನವರ ಹತ್ರ ಹೋಗು,” ಎಂದರು ನಶ್ಯ ಏರಿಸುತ್ತ. “ಸರಸ್ವತಿಪುರಂನಲ್ಲಿ ಹೊಸ ಮನೆ ಕಟ್ಟಿಸಿದಾರೆ. ಕಕ್ಷಿದಾರರು ಅಂದ್ರೆ ಮದುವೆಮನೆ ಥರ ಸೇರಿರ್ತಾರೆ ಕಣಯ್ಯ. ಒಂದು ವಿಷಯ, ಫೀಸು ಎಷ್ಟು ಅಂತ ಮಾತ್ರ ಬಾಯಿಬಿಟ್ಟು ಕೇಳ್ಬೇಡ. ದೊಡ್ಡೋರನ್ನ ಹಾಗೆಲ್ಲ ಕೇಳೋದಲ್ಲ. ಗುಮಾಸ್ತೆ ಇರ್ತಾನೆ, ಐವತ್ತೊಂದು ಕೊಟ್ಟು ಹೆಸರು ಬರೆಸಿ ಬಂದ್ಬಿಡು.”

ಭಾನುವಾರ ಬೆಳಿಗ್ಗೆ ಸಿದ್ದರಾಜು ಇಸ್ತ್ರಿ ಮಾಡಿದ ಷರ್ಟು ತೊಟ್ಟು, ಐವತ್ತೊಂದು ರೂಪಾಯಿಯನ್ನು ಲಕೋಟೆಯಲ್ಲಿಟ್ಟುಕೊಂಡು ಸರಸ್ವತಿಪುರಂಗೆ ನಡೆದ. ಸದಾಶಿವಯ್ಯನವರ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಮುಂದೆ ತೆಂಗಿನ ಗರಿಯ ಚಪ್ಪರ, ಬಾಗಿಲಿಗೆ ಮಾವಿನ ತೋರಣ, ಗೋಡೆಗೆ ಇನ್ನೂ ಒದ್ದೆ ಸುಣ್ಣದ ವಾಸನೆ, ಚಪ್ಪರದ ತುಂಬ ಜನ. ಸಿದ್ದರಾಜುವನ್ನು ಬಿಟ್ಟು ಬೇರೆ ಯಾರಾದರೂ ಆಗಿದ್ದರೆ ಇಲ್ಲಿ ಗೃಹಪ್ರವೇಶ ನಡೆಯುತ್ತಿದೆ ಎಂದು ಬೀದಿಯ ತುದಿಯಿಂದಲೇ ಹೇಳುತ್ತಿದ್ದರು. ಸಿದ್ದರಾಜು ಹೇಳಿಕೊಂಡದ್ದು ಬೇರೆ: ಮಹದೇವಯ್ಯನವರು ಅಂದದ್ದು ನಿಜ, ಮದುವೆಮನೆ ಥರವೇ ಇದೆ! ಕಕ್ಷಿದಾರರಿಗೆ ಬಿಸಿಲು ಬಡಿಯಬಾರದು ಅಂತ ಚಪ್ಪರ ಹಾಕಿಸಿದ್ದಾರಲ್ಲ, ಎಂಥಾ ಮನುಷ್ಯರು!

ಅವನ ಪರವಾಗಿ ಒಂದು ಮಾತು ಹೇಳಬಹುದು. ಮುಯ್ಯಿ ಬರೆಸುವುದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಅವನ ಊರಿನಲ್ಲಿ ಶುಭಕಾರ್ಯವಾದರೆ ಚಾಪೆಯ ಮೇಲೆ ದೀಪ, ಅರಿಶಿನ ಕುಂಕುಮದ ತಟ್ಟೆ, ತಟ್ಟೆಯ ಪಕ್ಕ ಗಂಟಲು ಹರಿಯುವಂತೆ ಕೂಗುವ ಒಬ್ಬ ಯಜಮಾನ: ‘ಇಂಥಾ ಊರು ಇಂಥವರ ಮುಯ್ಯಿ ಎರಡು ರೂಪಾಯಿ!’ ಕೊಟ್ಟದ್ದನ್ನು ಬರೆದಿಟ್ಟುಕೊಂಡು, ಕೊಟ್ಟವರ ಮನೆಯಲ್ಲಿ ಕಾರ್ಯವಾದಾಗ ಒಂದು ರೂಪಾಯಿ ಸೇರಿಸಿ ತಿರುಗಿ ಕೊಡುವುದು ಪದ್ಧತಿ. ಇಲ್ಲಿ ಚಾಪೆಯೂ ಇರಲಿಲ್ಲ, ಕೂಗೂ ಇರಲಿಲ್ಲ. ಬಾಗಿಲ ಪಕ್ಕ ಒಂದು ಮೇಜು, ಮೇಜಿನ ಹಿಂದೆ ಕನ್ನಡಕದ ಮುದುಕರು, ಮುಂದೆ ಗಟ್ಟಿ ರಟ್ಟಿನ ಪುಸ್ತಕ, ಇಂಕ್ ಪೆನ್ನು. ಆಫೀಸಿನಲ್ಲಿ ಮೂರು ವರ್ಷ ಕೂತವನಿಗೆ ಮೇಜು, ರಟ್ಟಿನ ಪುಸ್ತಕ, ಕನ್ನಡಕ ಮೂರೂ ಒಂದೇ ಕಡೆ ಕಂಡರೆ ತಾನಾಗಿ ಕೈ ಮುಗಿಯುತ್ತದೆ. ಮುಗಿದ.

“ಹೆಸರು?” ಎಂದರು ಮುದುಕರು. ಅವರು ಲಿಂಗಯ್ಯನವರು, ವಕೀಲರ ಸೋದರಮಾವ.

“ಸಿದ್ದರಾಜು ಸ್ವಾಮಿ.”

“ಊರು?”

“ಇಲ್ಲೇ, ಕುಂಬಾರಕೊಪ್ಪಲು.”

“ಯಾರ ಕಡೆಯೋರು?”

ಎಷ್ಟು ಕಟ್ಟುನಿಟ್ಟು ಎಂದು ಸಿದ್ದರಾಜು ಮೆಚ್ಚಿಕೊಂಡ. ಯಾರ ಪರವಾಗಿ ಬಂದದ್ದು ಎಂದು ಮೊದಲೇ ಕೇಳಿಕೊಳ್ಳುತ್ತಾರೆ.

“ಅತ್ತೆ ಕಡೆ ಸ್ವಾಮಿ.”

“ಓಹೋ! ಅತ್ತೆ ಕಡೆ!” ಲಿಂಗಯ್ಯನವರು ಕನ್ನಡಕದ ಮೇಲಿನಿಂದ ಗೌರವದ ನೋಟ ಬೀರಿದರು. ಲಕೋಟೆ ಬಿಚ್ಚಿ ಎಣಿಸಿದರು. ಇನ್ನೊಂದು ಸಲ ಎಣಿಸಿದರು. “ಐವತ್ತೊಂದಾ?”

“ಕಮ್ಮಿ ಆಯ್ತಾ ಸ್ವಾಮಿ?”

“ಕಮ್ಮಿಯೇ! ಏನು ಮಾತು ಅಂತ ಆಡ್ತೀರಿ!”

“ರಸೀದಿ ಕೊಡ್ತೀರಾ?”

ಲಿಂಗಯ್ಯನವರು ಹೊಟ್ಟೆ ಹಿಡಿದುಕೊಂಡು ನಕ್ಕರು. “ಅತ್ತೆ ಕಡೆಯೋರು ತಮಾಷೆಗಾರರು ಕಣಪ್ಪ! ಊಟ ಮಾಡದೆ ಹೋಗಕೂಡದು,” ಎಂದು ತೆಂಗಿನಕಾಯಿ, ಎಲೆ ಅಡಿಕೆಯ ಚೀಲವನ್ನು ಕೈಗಿಟ್ಟರು.

ಒಳಗೆ ಸದಾಶಿವಯ್ಯನವರೇ ಎದುರಾದರು. ನಲವತ್ತರ ಆಸುಪಾಸು, ರೇಷ್ಮೆ ಪಂಚೆ, ಹೆಗಲ ಮೇಲೆ ಶಲ್ಯ, ಹಣೆಯ ತುಂಬ ವಿಭೂತಿ. ಸಿದ್ದರಾಜು, “ಸ್ವಾಮಿ, ನಮ್ಮ ಬಾವಿ ವಿಷಯ...” ಎಂದು ಬಾಯಿ ತೆರೆದ.

“ಎಲ್ಲಾ ಆಮೇಲೆ ಮಾತಾಡೋಣ. ನೀವು ಬಂದದ್ದೇ ಸಂತೋಷ. ಮೊದಲು ಊಟಕ್ಕೇಳಿ!” ಎಂದು ಬೆನ್ನ ಮೇಲೆ ಕೈಯಿಟ್ಟು ಪಂಕ್ತಿಗೆ ಕೂರಿಸಿಯೇ ಬಿಟ್ಟರು. ಹೋಳಿಗೆ ಎರಡು ಬಾರಿ ಬಂತು. ಮೂರನೆಯದನ್ನು ಸಿದ್ದರಾಜು, ಫೀಸು ಕೊಟ್ಟಿದ್ದೇನಲ್ಲ ಎಂಬ ಧೈರ್ಯದಿಂದ ಕೇಳಿ ಹಾಕಿಸಿಕೊಂಡ.

ಮನೆಗೆ ಬಂದು ತೆಂಗಿನಕಾಯನ್ನು ಬೋರಮ್ಮನ ಮುಂದಿಟ್ಟ. “ವಕೀಲರನ್ನ ಗೊತ್ತು ಮಾಡ್ಬಿಟ್ಟೆ ಅತ್ತೆ. ಊಟಾನೂ ಹಾಕಿದ್ರು.”

ಬೋರಮ್ಮ ಕಟ್ಟುತ್ತಿದ್ದ ಹೂವಿನಿಂದ ತಲೆಯೆತ್ತಿದಳು. “ಊಟ ಹಾಕೋ ವಕೀಲ್ರಾ?”

“ದೊಡ್ಡ ವಕೀಲರು ಹಂಗೇ.”

“ಪತ್ರ ತೋರ್ಸಿದ್ಯಾ?”

“ಆಮೇಲೆ ಮಾತಾಡೋಣ ಅಂದ್ರು.”

“ಹೋಳಿಗೆ ತಿನ್ಸಿ ಕಳ್ಸವ್ರೆ,” ಎಂದು ಬೋರಮ್ಮ ಮತ್ತೆ ನಾರು ಎಳೆದಳು.

ಮುಂದಿನ ಹತ್ತು ದಿನ ಸಿದ್ದರಾಜು ಕುಂಬಾರಕೊಪ್ಪಲಿನಲ್ಲಿ ನಡೆದಾಡಿದ ರೀತಿಯನ್ನು ಅವನೇ ಆಮೇಲೆ ನೆನೆಯಲು ಇಷ್ಟಪಡುತ್ತಿರಲಿಲ್ಲ. ಪ್ರಭುಸ್ವಾಮಿಯವರ ಆಳುಗಳು ಕಂಬ ನೆಡುವಾಗ ಪಕ್ಕದಲ್ಲಿ ನಿಂತು, “ನೆಡಿ, ನೆಡಿ. ಕೀಳೋದು ಸುಲಭವಾಗೋ ಹಂಗೆ ನೆಡಿ,” ಎಂದ. ಮುಳ್ಳುತಂತಿ ಎಳೆದಾಗ, “ನಮ್ಮ ವಕೀಲರ ನೋಟೀಸು ಇವತ್ತೋ ನಾಳೆಯೋ ಬರ್ತದೆ,” ಎಂದು ಪ್ರಭುಸ್ವಾಮಿಯವರಿಗೇ ಹೇಳಿದ. ಅವರು ಒಂದು ವಾರ ನಿಜಕ್ಕೂ ಅಳುಕಿ ಪೋಸ್ಟ್‌ಮ್ಯಾನಿನ ದಾರಿ ನೋಡಿದರು. ನೋಟೀಸು ಬರಲಿಲ್ಲ. ಹತ್ತನೆಯ ದಿನ ಬೇಲಿಗೆ ಗೇಟು ಬಂತು, ಗೇಟಿಗೆ ಬೀಗ ಬಂತು.

ಬೋರಮ್ಮ ಬೀದಿ ಕೊನೆಯ ನಲ್ಲಿಯಿಂದ ಬಿಂದಿಗೆಯಲ್ಲಿ ನೀರು ಹೊರಲು ಶುರು ಮಾಡಿದಳು. ಗಿಡಕ್ಕೆ ಅರ್ಧ ಬಿಂದಿಗೆ ಎಂದರೂ ತೊಂಬತ್ತು ಗಿಡಕ್ಕೆ ನಲವತ್ತೈದು ಸಲ ಹೋಗಿ ಬರಬೇಕು. ಬೆಳಿಗ್ಗೆ ಆಫೀಸಿಗೆ ಹೋಗುವ ಮುನ್ನ ಸಿದ್ದರಾಜು ಹದಿನೈದು ಬಿಂದಿಗೆ ಹೊತ್ತ. ಆ ದಿನ ಅವನ ಬೆರಳುಗಳು ಟೈಪ್‌ರೈಟರಿನ ಮೇಲೆ ನಡುಗಿ, ಮೆಮೋ ಒಂದರಲ್ಲಿ ಮ್ಯಾನೇಜರರ ಹೆಸರೇ ತಪ್ಪಿ ಬಿತ್ತು.

ಮೂರನೆಯ ದಿನಕ್ಕೆ ಬೇಲಿಯ ಹತ್ತಿರದ ಗಿಡಗಳ ಎಲೆ ಮುದುರಿತು. ಬೋರಮ್ಮ ಬಿಂದಿಗೆ ಕೆಳಗಿಟ್ಟಳು.

“ನಡಿಲಾ. ಆ ಹೋಳಿಗೆ ವಕೀಲ್ರನ್ನ ನಾನೂ ನೋಡ್ಬೇಕು.”

ಪತ್ರವನ್ನು ಸೆರಗಿನಲ್ಲಿ ಸುತ್ತಿಕೊಂಡು, ಬಾಳೆ ಎಲೆಯಲ್ಲಿ ಎರಡು ಮೊಳ ಹೂವು ಕಟ್ಟಿಕೊಂಡು ಹೊರಟಳು. ಈ ಸಲ ಚಪ್ಪರ ಇರಲಿಲ್ಲ, ಜನ ಇರಲಿಲ್ಲ, ಬಾಗಿಲ ಪಕ್ಕದ ಮೇಜೂ ಇರಲಿಲ್ಲ. ಮುಂದಿನ ಕೋಣೆಯಲ್ಲಿ ಸದಾಶಿವಯ್ಯನವರು ಕಾಗದದ ಕಟ್ಟುಗಳ ನಡುವೆ ಒಬ್ಬರೇ ಕೂತಿದ್ದರು. ಸಿದ್ದರಾಜು ಚಪ್ಪರವಿದ್ದ ಕಡೆ ಒಮ್ಮೆ ತಿರುಗಿ ನೋಡಿದ. ಆದರೂ ಹೇಳಿದ: “ಸ್ವಾಮಿ, ನಾನು ಸಿದ್ದರಾಜು. ಕುಂಬಾರಕೊಪ್ಪಲು.”

ಸದಾಶಿವಯ್ಯನವರು ಎದ್ದೇ ನಿಂತರು. “ಐವತ್ತೊಂದು ರೂಪಾಯಿ ಸಿದ್ದರಾಜು? ನೀವೇನಾ? ಪಾರ್ವತೀ! ಮಾವಾ! ಬನ್ನಿ ಇಲ್ಲಿ, ಸಿಕ್ಕಿದ್ರು!”

ಒಳಗಿನಿಂದ ಲಿಂಗಯ್ಯನವರು ಬಂದರು, ಹಿಂದೆಯೇ ವಕೀಲರ ಹೆಂಡತಿ ಪಾರ್ವತಮ್ಮನವರು. ಎರಡು ವಾರದಿಂದ ಆ ಮನೆಯಲ್ಲಿ ಇದೇ ಮಾತಂತೆ. ಮುಯ್ಯಿ ಪುಸ್ತಕದಲ್ಲಿ ಎಲ್ಲರದೂ ಎರಡು, ಐದು, ಭಾವನವರದು ಇಪ್ಪತ್ತೊಂದು. ನಡುವೆ ಒಬ್ಬನದು ಐವತ್ತೊಂದು, ‘ಅತ್ತೆ ಕಡೆ’. ಪಾರ್ವತಮ್ಮನವರು ತಮ್ಮ ತವರಿನ ಕಡೆ ಇಂಥ ಧಾರಾಳಿ ಯಾರು ಎಂದು ತುಮಕೂರಿಗೆ ಕಾಗದ ಬರೆದಿದ್ದರು. ತವರಿನಿಂದ, ನಮಗೆ ಗೊತ್ತಿಲ್ಲ, ಆದರೆ ನಮ್ಮವರೇ ಇರಬೇಕು, ಎಂದು ಉತ್ತರ ಬಂದಿತ್ತು.

“ಮುಯ್ಯಿ ಪುಸ್ತಕ?” ಎಂದ ಸಿದ್ದರಾಜು.

ಬೋರಮ್ಮ ತಿರುಗಿ ಅವನ ಮುಖ ನೋಡಿದಳು. ವಿಷಯ ಅವಳಿಗೆ ಒಂದೇ ಉಸಿರಿನಲ್ಲಿ ಅರ್ಥವಾಗಿತ್ತು. “ಫೀಸು ಕೊಡೋಕ್ ಬಂದು ಮುಯ್ಯಿ ಬರ್ಸಿದ್ಯೇನ್ಲಾ ಮುಂಡೇದೆ!”

ಕೋಣೆಯಲ್ಲಿ ಎದ್ದ ನಗು ಇಳಿಯಲು ಬಹಳ ಹೊತ್ತು ಬೇಕಾಯಿತು. ಸಿದ್ದರಾಜು ನೆಲದ ರೆಡ್ ಆಕ್ಸೈಡಿನಲ್ಲಿ ತನ್ನ ಮುಖ ನೋಡುತ್ತ ನಿಂತ. ನೆಲದ ಬಣ್ಣಕ್ಕೂ ಮುಖದ ಬಣ್ಣಕ್ಕೂ ಬಹಳ ವ್ಯತ್ಯಾಸವಿರಲಿಲ್ಲ.

ಸದಾಶಿವಯ್ಯನವರು ಕಣ್ಣೊರೆಸಿಕೊಂಡು ಪತ್ರ ತೆಗೆದುಕೊಂಡರು. ಓದುತ್ತ ಓದುತ್ತ ಅವರ ಮುಖ ಬೇರೆಯಾಯಿತು. ಬಾವಿಯ ಸಾಲನ್ನು ಎರಡು ಸಲ ಓದಿದರು.

“ಕೇಸು ಚೆನ್ನಾಗಿದೆ ಬೋರಮ್ಮ. ಮುನ್ಸೀಫ್ ಕೋರ್ಟಿನಲ್ಲಿ ದಾವಾ ಹಾಕಿ, ಮೊದಲು ನೀರಿಗೆ ಅಡ್ಡಿ ಮಾಡಬಾರದು ಅಂತ ತಾತ್ಕಾಲಿಕ ಆರ್ಡರ್ ಕೇಳ್ತೀನಿ. ಆ ಐವತ್ತೊಂದನ್ನ ಫೀಸಿಗೆ ಜಮಾ ಮಾಡ್ಕೊಂಡ್ಬಿಡೋಣ.”

ಸಿದ್ದರಾಜುವಿಗೆ ಹೋದ ಜೀವ ಬಂತು. ಬೋರಮ್ಮ ತಲೆ ಅಲ್ಲಾಡಿಸಿದಳು.

“ಅದಾಗಾಕಿಲ್ಲ ಸ್ವಾಮಿ. ಗೃಹಪ್ರವೇಶದಲ್ಲಿ ಬರ್ಸಿದ್ ಮುಯ್ಯಿನ ಅಳ್ಸಬಾರ್ದು. ಮನೆಗೆ ಒಳ್ಳೇದಲ್ಲ, ನಮ್ಗೂ ಮರ್ವಾದೆ ಅಲ್ಲ. ಅದು ಅಲ್ಲೇ ಇರ್ಲಿ. ಇವನ ಮದ್ವೆಗೆ ಬಂದು ತೀರ್ಸಿ.”

“ಅತ್ತೆ...” ಎಂದ ಸಿದ್ದರಾಜು. ಮದುವೆಗೆ ಹೆಣ್ಣೇ ನೋಡಿರಲಿಲ್ಲ. ಸೈಕಲ್ಲು ಕಣ್ಣ ಮುಂದೆ ಬೆಲ್ಲು ಹೊಡೆಯುತ್ತ ದೂರ ಹೋಯಿತು.

“ಸುಮ್ಕಿರ್ಲಾ. ಈಗ ಫೀಸಿನ ಮಾತು. ಎಷ್ಟು ಸ್ವಾಮಿ?”

“ಈಗೇನು ಆತುರ. ಕೇಸು ನಡೀಲಿ, ನೋಡ್ಕೊಂಡು ಕೊಡೋರಂತೆ.”

“ನೋಡ್ಕೊಂಡು ಅಂದ್ರೆ ಯಾರ್ ನೋಡ್ಕೊಂಡು? ನಾನು ವರ್ತನೆ ಹೂವ ಹಾಕೋಳು. ಹೊಸ ಮನೆಗೆ ಹೋದ್ರೆ ಮೊದ್ಲು ಕೈ ಚಾಚ್ತೀನಿ.” ಬೋರಮ್ಮ ಬಲಗೈ ಮುಂದೆ ಮಾಡಿ, ಮೊಣಕೈಯಿಂದ ಬೆರಳ ತುದಿಯವರೆಗೆ ತೋರಿಸಿದಳು. “ಇಕಳಮ್ಮ, ನನ್ ಮೊಳ ಇಷ್ಟುದ್ದ, ಇಷ್ಟಕ್ಕೆ ಇಷ್ಟು ದುಡ್ಡು ಅಂತೀನಿ. ಆಮೇಲೆ ಮಾತಿಲ್ಲ. ನಿಮ್ ಮೊಳ ಎಷ್ಟುದ್ದ, ತೋರ್ಸಿ ಸ್ವಾಮಿ.”

ಸದಾಶಿವಯ್ಯನವರು ಕೈಯಲ್ಲಿದ್ದ ಪತ್ರವನ್ನು ಮೇಜಿನ ಮೇಲಿಟ್ಟರು.

“ಹದಿನಾಲ್ಕು ವರ್ಷದಲ್ಲಿ ಯಾರೂ ಹೀಗೆ ಕೇಳಲಿಲ್ಲ,” ಎಂದರು. “ಎಲ್ಲಾ ಶುರುವಿನಲ್ಲಿ ಕೈ ಮುಗೀತಾರೆ, ಕೊನೇಲಿ ಜಗಳ ಆಡ್ತಾರೆ. ಕೂತ್ಕೊಳ್ಳಿ, ಹೇಳ್ತೀನಿ.”

ಒಂದು ಬಿಳಿ ಹಾಳೆ ತೆಗೆದು ನಡುವೆ ಗೆರೆ ಎಳೆದರು.

“ಈ ಕಡೆ ನನ್ನ ಫೀಸು, ಆ ಕಡೆ ಖರ್ಚು. ಎರಡನ್ನೂ ಕಲೆಸಬಾರದು. ಕೋರ್ಟಿನ ಸ್ಟಾಂಪು ಸರ್ಕಾರಕ್ಕೆ ಹೋಗೋದು. ಪ್ರಭುಸ್ವಾಮಿಗೆ ಸಮನ್ಸು ತಗೊಂಡು ಹೋಗೋನ ಭತ್ಯೆ ಅವನಿಗೆ ಹೋಗೋದು. ಟೈಪಿಂಗ್ ಖರ್ಚು, ಗುಮಾಸ್ತೆ ಖರ್ಚು. ಇದ್ಯಾವುದೂ ನನ್ನ ಜೇಬಿಗೆ ಬರೋದಲ್ಲ. ಆಗಾಗ ಎಷ್ಟು ಆಯ್ತೋ ಅಷ್ಟು.”

“ಟೈಪು ಇವ್ನೇ ಹೊಡೀತಾನೆ,” ಎಂದಳು ಬೋರಮ್ಮ. “ಮುಯ್ಯಿ ಬರ್ಸಿದ್ದಕ್ಕೆ ಅಷ್ಟಾದ್ರೂ ಮಾಡ್ಲಿ. ಅದ್ನ ಹೊಡ್ದಾಕಿ.”

ವಕೀಲರು ಟೈಪಿಂಗ್ ಖರ್ಚನ್ನು ಹೊಡೆದು ಹಾಕಿದರು.

“ಇನ್ನು ನನ್ನದು. ಫೀಸು ತಗೊಳೋದು ಎರಡು ಥರ. ಕೋರ್ಟಿಗೆ ನಿಂತ ಒಂದೊಂದು ದಿನಕ್ಕೂ ಇಷ್ಟು ಅಂತ ಒಂದು. ಇಡೀ ಕೇಸಿಗೆ ಇಷ್ಟು ಅಂತ ಇನ್ನೊಂದು. ದಿನದ ಲೆಕ್ಕ ಅಂದ್ರೆ ಹದಿನೈದು ರೂಪಾಯಿ. ಇಡೀ ಕೇಸಿಗೆ ಅಂದ್ರೆ ನೂರಿಪ್ಪತ್ತು.”

ಸಿದ್ದರಾಜು ಥಟ್ಟನೆ ಲೆಕ್ಕ ಹಾಕಿದ. “ದಿನದ ಲೆಕ್ಕವೇ ವಾಸಿ ಅತ್ತೆ. ಪತ್ರದಲ್ಲಿ ಬರೆದಿದೆಯಲ್ಲ, ನಾಲ್ಕು ದಿನದಲ್ಲಿ ಮುಗೀತದೆ. ಅರವತ್ತು!”

ಬೋರಮ್ಮ ಅವನ ಕಡೆ ನೋಡಲೂ ಇಲ್ಲ. “ಇವತ್ತು ಬ್ಯಾಡ, ಇನ್ನೊಂದಿನ ಬನ್ನಿ ಅಂತ ಕೋರ್ಟ್ನಲ್ಲಿ ಅಂತಾರಲ್ಲ ಸ್ವಾಮಿ, ಅದ್ಕೂ ದುಡ್ಡಾ?”

“ವಾಯಿದೆಗಾ? ದಿನದ ಲೆಕ್ಕದಲ್ಲಾದ್ರೆ ಹೌದು. ನಾನು ಹೋಗಿ ನಿಂತಿರ್ತೀನಲ್ಲ.”

“ಹೂವ ಹಾಕ್ದೆ ಇದ್ದ ದಿನಕ್ಕೆ ನಾನು ದುಡ್ಡು ಕೇಳಾಕಿಲ್ಲ. ನಂಗೆ ವರ್ತನೆ ಲೆಕ್ಕವೇ ಬೇಕು. ಒಟ್ಗೆ ನೂರಿಪ್ಪತ್ತು. ಹಬ್ಬ ಬರ್ಲಿ, ಮುಂಗಾರ್ ಬರ್ಲಿ, ಅದೇ ನೂರಿಪ್ಪತ್ತು.”

“ಒಪ್ಪಿದೆ. ಆದರೆ ಇದು ಈ ಕೋರ್ಟಿಗೆ ಮಾತ್ರ. ಸೋತೋರು ಮೇಲಿನ ಕೋರ್ಟಿಗೆ ಹೋದರೆ ಅದು ಬೇರೆ ಮಾತು.”

“ನಾವೇ ಸೋತ್ರೆ?”

ಸದಾಶಿವಯ್ಯನವರು ಮಾತು ನುಂಗಲಿಲ್ಲ. “ಸೋತರೂ ಫೀಸು ಫೀಸೇ ಬೋರಮ್ಮ.”

“ಅದು ನ್ಯಾಯ. ಹೂವ ಮುಡಿದ್ರೂ ದುಡ್ಡೇ, ಗೂಟಕ್ಕೆ ನೇತಾಕಿ ಒಣಗ್ಸಿದ್ರೂ ದುಡ್ಡೇ. ಆದ್ರೆ ಇನ್ನೊಂದ್ ಮಾತು. ಆರ್ಡರ್ ಕೇಳೋ ದಿನ ನೀವೇ ಬರ್ಬೇಕು. ಮಲ್ಲಿಗೆ ಅಂತ ಹೇಳಿ ಕನಕಾಂಬರ ಕಳಿಸ್ಬಾರ್ದು.”

“ಜೂನಿಯರನ್ನ ಕಳಿಸೋಲ್ಲ. ನಾನೇ ಬರ್ತೀನಿ.”

“ಬರೀರಿ ಮತ್ತೆ.”

ಬರೆದರು. ಮೂರು ಕಂತು, ತಲಾ ನಲವತ್ತು: ವಕಾಲತ್ತಿಗೆ ಹೆಬ್ಬೆಟ್ಟು ಒತ್ತಿದ ದಿನ, ನೀರಿನ ಆರ್ಡರ್ ಸಿಕ್ಕ ದಿನ, ಈ ಕೋರ್ಟಿನಲ್ಲಿ ಕೇಸು ಮುಗಿದ ದಿನ. ಕೊಟ್ಟಾಗಲೆಲ್ಲ ರಸೀದಿ. ಬೋರಮ್ಮ ಸೊಂಟದ ಎಲೆಯಡಿಕೆ ಚೀಲ ಬಿಚ್ಚಿ, ಸಿದ್ದರಾಜು ಹದಿಮೂರು ವರ್ಷದಲ್ಲಿ ಒಮ್ಮೆಯೂ ಕಂಡಿರದ ನಲವತ್ತು ರೂಪಾಯಿಯನ್ನು ಎಣಿಸಿದಳು. ಹೂವಿನ ಪೊಟ್ಟಣವನ್ನು ಪಾರ್ವತಮ್ಮನವರಿಗೆ ಕೊಟ್ಟಳು. ಅದು ಲೆಕ್ಕದಲ್ಲಿಲ್ಲ ಎಂದೂ ಹೇಳಿದಳು.

ಆ ಸಂಜೆ ಆಫೀಸು ಬಿಟ್ಟ ಮೇಲೆ ಸಿದ್ದರಾಜು ದಾವಾ ಕಾಗದವನ್ನು ಟೈಪ್ ಮಾಡಿದ, ನಾಲ್ಕು ಪ್ರತಿ, ಒಂದೂ ತಪ್ಪಿಲ್ಲದೆ. ವಾದಿ ಬೋರಮ್ಮ ಎಂದು ಹೊಡೆಯುವಾಗ ಬೆರಳು ನಡುಗಲಿಲ್ಲ. ಮಹದೇವಯ್ಯನವರು ಹೋಗುವಾಗ ಬಗ್ಗಿ ನೋಡಿ, “ನಾನು ಹೇಳಿದ ವಕೀಲರಲ್ವೇನಯ್ಯ!” ಎಂದು ಬೆನ್ನು ತಟ್ಟಿದರು.

ಮೂರನೆಯ ದಿನ ಸದಾಶಿವಯ್ಯನವರು ಕೋಟು ತೊಟ್ಟು ತಾವೇ ಕೋರ್ಟಿಗೆ ಬಂದು ನಿಂತರು. ಹೆಚ್ಚು ಮಾತಾಡಲಿಲ್ಲ. ಪತ್ರದ ಆ ಒಂದು ಸಾಲು ಓದಿದರು. ಎಲೆ ಮುದುರಿದ ಗಿಡದ ವಿಷಯ ಹೇಳಿದರು. ಮುಂದಿನ ಆದೇಶದವರೆಗೆ ವಾದಿಗೆ ನೀರಿಗೆ ಅಡ್ಡಿ ಮಾಡಕೂಡದು ಎಂದು ಆರ್ಡರಾಯಿತು. ಮರುದಿನ ಕೋರ್ಟಿನ ಅಮೀನ ಬಂದು ಓದಿ ಹೇಳಿದ. ಪ್ರಭುಸ್ವಾಮಿ ಮುಖ ಸಿಂಡರಿಸಿಕೊಂಡು ಬೀಗ ತೆಗೆದರು. ಬೋರಮ್ಮ ಹಗ್ಗ ಇಳಿಬಿಟ್ಟಳು. ಅತ್ತೆ ಅಳಿಯ ಇಬ್ಬರೂ ಸೇರಿ ನೀರು ಸೇದಿ, ಸೂರ್ಯ ಮುಳುಗುವುದರೊಳಗೆ ತೊಂಬತ್ತು ಗಿಡದ ಪಾತಿಯನ್ನೂ ತುಂಬಿಸಿದರು. ಎರಡನೆಯ ನಲವತ್ತು ಆರ್ಡರಾದ ದಿನವೇ ವಕೀಲರ ಮನೆಗೆ ಹೋಗಿತ್ತು.

ಆದರೆ ಕೇಸು ಮುಗಿಯಲಿಲ್ಲ. ಪ್ರಭುಸ್ವಾಮಿಗೆ ಯಾರೋ ಹೇಳಿಕೊಟ್ಟಿದ್ದರು: ಎಳೀರಿ, ಹೂವಿನ ಮುದುಕಿ ಎಷ್ಟು ದಿನ ಓಡಾಡ್ತಾಳೆ, ದುಡ್ಡು ಮುಗಿದ ದಿನ ತಾನೇ ಬಿಡ್ತಾಳೆ. ಅವರ ವಕೀಲರು ಒಂದು ಸಲ ಕಾಗದ ಸಿದ್ಧವಿಲ್ಲ ಎಂದರು. ಒಂದು ಸಲ ಕಕ್ಷಿಗೆ ಜ್ವರ ಎಂದರು, ಜ್ವರದ ಕಕ್ಷಿ ಹಿಂದಿನ ಬೆಂಚಿನಲ್ಲೇ ಕೂತಿದ್ದರು. ಮಾರ್ಚಿ ಹೋಯಿತು, ಮಲ್ಲಿಗೆ ಬಿರಿಯಿತು, ಬುಟ್ಟಿ ಬುಟ್ಟಿ ಒಂಟಿಕೊಪ್ಪಲಿಗೆ ಹೋಯಿತು. ವಾಯಿದೆಯ ದಿನ ಬೋರಮ್ಮ ಬುಟ್ಟಿಯನ್ನು ಕೋರ್ಟಿಗೇ ತಂದು, ಹೊಂಗೆಮರದ ಕೆಳಗೆ ಕಟ್ಟುತ್ತ ಕೂರುತ್ತಿದ್ದಳು. ಹೆಸರು ಕೂಗಿದಾಗ ಎದ್ದು ಹೋಗುವಳು, ವಾಯಿದೆ ಎಂದರೆ ನಕ್ಕು ಬಂದು ಮತ್ತೆ ಕೂರುವಳು.

ಆರನೆಯ ವಾಯಿದೆಗೆ ಪ್ರಭುಸ್ವಾಮಿಗೆ ತಡೆಯಲಾಗಲಿಲ್ಲ. ಮರದ ಕೆಳಗೆ ಬಂದರು.

“ಏನ್ ಬೋರಮ್ಮ, ವಾಯಿದೆ ಬಿದ್ರೆ ನಗ್ತೀಯಲ್ಲ?”

“ನಂಗೇನಪ್ಪ. ನೀರು ಬತ್ತಾ ಐತೆ, ಮರದಡಿ ನೆರಳೈತೆ.”

“ನಿಮ್ ವಕೀಲ್ರಿಗೆ ವಾಯಿದೆಗೆ ಎಷ್ಟು?”

“ಏನೂ ಇಲ್ಲ.”

“ಏನೂ ಇಲ್ಲ ಅಂದ್ರೆ?”

“ವರ್ತನೆ ಕಣಪ್ಪ. ಒಟ್ಗೆ ಇಷ್ಟು ಅಂತ ಬರ್ಸಿವ್ನಿ. ಹತ್ವರ್ಷ ನಡುದ್ರೂ ಅಷ್ಟೇಯ. ನಿಂದೆಷ್ಟು?”

ಪ್ರಭುಸ್ವಾಮಿಯವರ ತುಟಿ ಅಲ್ಲಾಡುವುದನ್ನು, ಅಂದು ರಜ ಹಾಕಿ ಜೊತೆಗೆ ಬಂದಿದ್ದ ಸಿದ್ದರಾಜು ಕಂಡ. ಅವನಿಗೆ ಆ ಲೆಕ್ಕ ಚೆನ್ನಾಗಿ ಗೊತ್ತಿತ್ತು. ತಾನೇ ಅತ್ತೆಗೆ ಶಿಫಾರಸು ಮಾಡಿದ್ದ ಲೆಕ್ಕ ಅದು. ಆರು ಹದಿನೈದು ತೊಂಬತ್ತು, ಮೇಲೆ ಆರು ದಿನ ಜಟಕಾ ಬಾಡಿಗೆ, ಆರು ದಿನ ಯಜಮಾನನಿಲ್ಲದ ಡಿಪೋ. ನಾಲ್ಕು ದಿನದಲ್ಲಿ ಮುಗೀತದೆ ಎಂದು ಅಲ್ಲಿಯೂ ಯಾರೋ ಒಬ್ಬ ಬುದ್ಧಿವಂತ ಹೇಳಿದ್ದಿರಬೇಕು.

“ಎಳ್ಯೋದು ನಾನು, ಸವ್ಯೋದೂ ನಾನೇ ಆಯ್ತಲ್ಲ,” ಎಂದರು ಪ್ರಭುಸ್ವಾಮಿ, ಮರಕ್ಕೆ ಹೇಳುವವರಂತೆ.

“ಕೂತ್ಕಳಪ್ಪ. ನೀರು ಕುಡಿ. ನಮ್ ಬಾವೀದೇಯ,” ಎಂದು ಬೋರಮ್ಮ ಚೊಂಬು ಮುಂದೆ ಮಾಡಿದಳು.

ಆಗಸ್ಟಿನಲ್ಲಿ ರಾಜಿಯಾಯಿತು. ಬಾವಿ ಇಬ್ಬರಿಗೂ, ಬೇಲಿ ಇರಬಹುದು, ಗೇಟಿಗೆ ಬೀಗವಿರಕೂಡದು, ರಾಟೆ ಹಗ್ಗದ ಖರ್ಚು ಅರ್ಧರ್ಧ. ವಠಾರಕ್ಕೆ ಬರುವ ಸಂಸಾರಗಳೂ ಅದೇ ನೀರು ಸೇದಬಹುದು ಎಂದು ಬೋರಮ್ಮ ತಾನಾಗಿಯೇ ಸೇರಿಸಿದಳು. ಹತ್ತು ಸಂಸಾರ ಅಂದರೆ ಹತ್ತು ಮನೆ ವರ್ತನೆ. ರಾಜಿಯ ಕಾಗದವನ್ನು ಟೈಪ್ ಮಾಡಿದವನು ಸಿದ್ದರಾಜು. ಈ ಸಲ ಎರಡು ಕಡೆಯವರಿಂದಲೂ ಕಾಫಿಗೆ ಕಾಸು ಸಿಕ್ಕಿತು.

ಕೊನೆಯ ನಲವತ್ತು ಕೊಡಲು ಹೊರಟಾಗ ಅವನ ತಲೆಯಲ್ಲಿ ಮತ್ತೆ ಕಾನೂನು ಮಿಂಚಿತು. “ಅತ್ತೆ, ತೀರ್ಪೇ ಆಗಿಲ್ಲವಲ್ಲ? ರಾಜಿ ತಾನೆ ಆದದ್ದು. ಕೊಡಲೇಬೇಕಾ?”

“ಬಾವಿ ಬಂತೋ ಇಲ್ವೋ?”

“ಬಂತು.”

“ಕೇಸು ಮುಗೀತೋ ಇಲ್ವೋ?”

“ಮುಗೀತು.”

“ಅಂಗಾರೆ ಬಾಯ್ಮುಚ್ಕೊಂಡು ನಡಿ. ನಾಳೆ ಇಪ್ಪತ್ತೆರಡು ಮನೆಯೋರೂ ನನ್ ತಾವ ಇಂಗೇ ಮಾತಾಡಿದ್ರೆ?”

ಸದಾಶಿವಯ್ಯನವರು ರಸೀದಿ ಬರೆದು ಕೊಟ್ಟು, ಗೆರೆ ಎಳೆದ ಆ ಹಳೆಯ ಹಾಳೆಯನ್ನು ತಮ್ಮ ಮೇಜಿನ ಗಾಜಿನ ಕೆಳಗೆ ಸೇರಿಸಿದರು. ಆಮೇಲೆ ಬಂದ ಕಕ್ಷಿದಾರರಿಗೆಲ್ಲ ಮೊದಲು ಅದನ್ನು ತೋರಿಸಿ, ಅದರಂತೆ ಬರೆದುಕೊಟ್ಟೇ ಕೇಸು ಹಿಡಿಯುತ್ತಿದ್ದರಂತೆ.

ಸಿದ್ದರಾಜುವಿನ ಮದುವೆಯಾದದ್ದು ಐವತ್ತೆಂಟರ ವೈಶಾಖದಲ್ಲಿ, ಪ್ರಭುಸ್ವಾಮಿಯವರ ಹೊಸ ವಠಾರದ ಅಂಗಳದಲ್ಲಿ ಹಾಕಿದ ಚಪ್ಪರದಡಿ. ಬೋರಮ್ಮ ಬಾಗಿಲ ಬಳಿ ಮೇಜು ಹಾಕಿಸಲಿಲ್ಲ. ಚಾಪೆ, ದೀಪ, ಅರಿಶಿನ ಕುಂಕುಮದ ತಟ್ಟೆ. ಬರೆಯಲು ಕೂತವರು ಮಾತ್ರ ಲಿಂಗಯ್ಯನವರು. ಅವರೇ ಬರಬೇಕು ಎಂದು ಬೋರಮ್ಮ ಹೇಳಿ ಕಳಿಸಿದ್ದಳು. ಸದಾಶಿವಯ್ಯನವರು ಹೆಂಡತಿಯ ಜೊತೆ ಬಂದು, ಚಾಪೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಐವತ್ತೆರಡು ರೂಪಾಯಿ ತಟ್ಟೆಯಲ್ಲಿಟ್ಟರು.

“ಯಾರ ಕಡೆಯೋರು?” ಎಂದರು ಲಿಂಗಯ್ಯನವರು, ತಮ್ಮ ಅಳಿಯನ ಮುಖವನ್ನು ಮೊದಲ ಬಾರಿ ನೋಡುವವರಂತೆ.

“ಅತ್ತೆ ಕಡೆ,” ಎಂದರು ವಕೀಲರು.

ಹಸೆಮಣೆಯ ಮೇಲಿದ್ದ ಮದುಮಗ, ನಗಬೇಡ ಎಂದು ಪುರೋಹಿತರು ಗದರುತ್ತಿದ್ದರೂ, ಐವತ್ತೆರಡಕ್ಕೆ ಇನ್ನೆಷ್ಟು ಸೇರಿಸಿದರೆ ಸೈಕಲ್ಲು ಬಂದೀತು ಎಂದು ಲೆಕ್ಕ ಹಾಕುತ್ತಿದ್ದ.